ಸತ್ಯಾಂಶ: ಪ್ರೈಮರಿಯಲ್ಲಿ ಹಿಂದೆ ಬಿದ್ದವರು ಕಣ ಬಿಡಲೇಬೇಕಾ?

ಅಮೆರಿಕದ ಚುನಾವಣೆ ಬಂದಾಗ ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದೆ: "ಪಕ್ಷದ ಪ್ರೈಮರಿಯಲ್ಲಿ ಗೆಲ್ಲುವ ಲೆಕ್ಕ ತಪ್ಪಿದ ಕೂಡಲೇ ಅಭ್ಯರ್ಥಿ ಸೋಲು ಒಪ್ಪಬೇಕು, ಅದು ಕಾನೂನು." ಅಂಥ ಕಾನೂನು ಇಲ್ಲ. ಪ್ರೈಮರಿ ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸಲು ರಾಜ್ಯ ರಾಜ್ಯದಲ್ಲಿ ನಡೆಯುವ ಮತದಾನ. ಕಣ ಯಾವಾಗ ಬಿಡಬೇಕು ಅನ್ನೋದು ಅಭ್ಯರ್ಥಿಗೇ ಬಿಟ್ಟದ್ದು.

2008ರ ಡೆಮಾಕ್ರಟಿಕ್ ಪೈಪೋಟಿ ನೋಡಿ. ಹಿಲರಿ ಕ್ಲಿಂಟನ್ ಡೆಲಿಗೇಟ್ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿ) ಲೆಕ್ಕದಲ್ಲಿ ತಿಂಗಳುಗಟ್ಟಲೆ ಒಬಾಮಾಗಿಂತ ಹಿಂದಿದ್ದರು. ಸಾಕು ಬಿಡಿ ಅಂತ ಪಕ್ಷದೊಳಗೇ ಒತ್ತಡವಿತ್ತು. ಬಿಡಲಿಲ್ಲ. ಯಾಕಂದರೆ ಸೂಪರ್‌ಡೆಲಿಗೇಟ್‌ಗಳು, ಅಂದರೆ ಪಕ್ಷದ ಸಂಸದರು, ಗವರ್ನರ್‌ಗಳು, ಪದಾಧಿಕಾರಿಗಳು, ಕೊನೇ ಗಳಿಗೆಯಲ್ಲೂ ಮನಸ್ಸು ಬದಲಿಸಬಹುದಿತ್ತು. ಜೂನ್ 3ರಂದು ಒಬಾಮಾ ಗೆಲ್ಲಲು ಬೇಕಾದ ಡೆಲಿಗೇಟ್ ಸಂಖ್ಯೆ ದಾಟಿದರು. ತಮಾಷೆ ಅಂದರೆ, ಅದೇ ದಿನ ಸೌತ್ ಡಕೋಟಾದಲ್ಲಿ ಗೆದ್ದದ್ದು ಕ್ಲಿಂಟನ್! ಅವರು ಪ್ರಚಾರ ನಿಲ್ಲಿಸಿದ್ದು ಜೂನ್ 7ಕ್ಕೆ. ಅದೂ ಸ್ಥಗಿತ ಅಷ್ಟೇ. ಪ್ರಚಾರದ ಸಾಲ ತೀರಿಸಲು ದೇಣಿಗೆ ಎತ್ತುವ ದಾರಿ ತೆರೆದೇ ಇತ್ತು.

1980ರಲ್ಲಿ ಸೆನೆಟರ್ ಟೆಡ್ ಕೆನಡಿಯಂತೂ ಆಗಿನ ಅಮೆರಿಕ ಅಧ್ಯಕ್ಷ, ತಮ್ಮದೇ ಪಕ್ಷದ ಜಿಮ್ಮಿ ಕಾರ್ಟರ್ ವಿರುದ್ಧ ಆಗಸ್ಟ್‌ನ ಪಕ್ಷದ ಅಧಿವೇಶನದವರೆಗೂ ಜಗ್ಗಾಡಿದರು. ಅದು ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನ್ನ ಅನಿಸಿಕೆ. ಆದರೆ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಕಾರ್ಟರ್ ಸೋತದ್ದಕ್ಕೆ ಕೆನಡಿ ಒಬ್ಬರೇ ಕಾರಣ ಅನ್ನೋದು ಸುಮ್ನೆ ಮಾತು. ಇರಾನ್‌ನ ಒತ್ತೆಯಾಳು ಬಿಕ್ಕಟ್ಟು, ಬೆಲೆಯೇರಿಕೆ ಎರಡೂ ಇದ್ದವು ಅಲ್ವಾ?