'ಸಣ್ಣ ಚೇಂಜ್' ಅಂತೆ!

ನಿನ್ನೆ ರಾತ್ರಿ 2 ಗಂಟೆಗೆ ಸರ್ವರ್ ಮಲಗಿತು, ನಾನು ಎದ್ದೆ. ಯಾರು ಏನು ಬದಲಿಸಿದರು ಅಂತ ಗಿಟ್ ಲಾಗ್ (ಕೋಡ್‌ನಲ್ಲಿ ಆದ ಬದಲಾವಣೆಗಳ ದಾಖಲೆ) ತೆಗೆದರೆ ಕಮಿಟ್ ಮೆಸೇಜ್, ಅಂದರೆ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ, 'ಸಣ್ಣ ಚೇಂಜ್'. ಒಳಗೆ 43 ಫೈಲು! ಅದರ ಹಿಂದೆ 'ಫಿಕ್ಸ್', 'ಫಿಕ್ಸ್ 2', 'ಈಗ ನಿಜವಾಗ್ಲೂ ಫಿಕ್ಸ್'. ಮೊದಲಿನ ಎರಡು ಏನು, ತಮಾಷೆಗಾ? ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದು ನಾವು ಹೀಗೆ ಒಗಟು ಬಿಡಿಸಲಿ ಅಂತಾನಾ? ಯಾಕೆ ಬದಲಿಸಿದೆ ಅಂತ ಒಂದು ಸಾಲು ಬರೆದರೆ ಬೆರಳು ಸವೆಯುತ್ತಾ? ಚಾಟ್‌ನಲ್ಲಿ ಮಾತ್ರ ಪುಟಗಟ್ಟಲೆ ಬರೆಯುತ್ತಾರೆ. ಕೇಳಿದರೆ, 'ನನ್ನ ಮೆಷೀನ್‌ನಲ್ಲಿ ಓಡ್ತಿದೆಯಲ್ಲ!' ಹಾಗಾದರೆ ಬಳಕೆದಾರರನ್ನೆಲ್ಲ ನಿಮ್ಮ ಲ್ಯಾಪ್‌ಟಾಪ್ ಮುಂದೆ ಸಾಲಾಗಿ ನಿಲ್ಲಿಸೋಣ್ವಾ? ಅಂದಹಾಗೆ, ಈ ಪುಣ್ಯಾತ್ಮರು ಅದನ್ನು ಡಿಪ್ಲಾಯ್ ಮಾಡಿದ್ದು, ಅಂದರೆ ಸರ್ವರ್‌ಗೆ ಏರಿಸಿದ್ದು, ಶುಕ್ರವಾರ ಸಂಜೆ 6ಕ್ಕೆ. ಆಮೇಲೆ ಫೋನು ಸ್ವಿಚ್ ಆಫ್.