ಮಷಿನ್‌ಗಳನ್ನೆಲ್ಲ ಗುಜರಿಗೆ ಹಾಕಿ ಪಾರಂಪರಿಕ ಪಾರ್ಕ್ ಅಂತೀರಾ?

ನಿನ್ನೆ ಆ ಪಾರ್ಕ್ ನೋಡಿ ಬಂದಾಗಿನಿಂದ ಹೊಟ್ಟೆ ಉರಿಯುತ್ತಿದೆ.

ಅಪ್ಪ ಇಪ್ಪತ್ತೆಂಟು ವರ್ಷ ದುಡಿದ ಕಾರ್ಖಾನೆ ಅದು. ಮುಚ್ಚಿದ ಮೇಲೆ ಪಾಳು ಬಿದ್ದಿತ್ತು. ಪಾರಂಪರಿಕ ಪಾರ್ಕ್ ಮಾಡುತ್ತಾರೆ ಅಂತ ಗೊತ್ತಾದಾಗ ಎಷ್ಟು ಖುಷಿಪಟ್ಟಿದ್ದೆ! ಈಗ ಹೋದರೆ ಹುಲ್ಲುಹಾಸು, ಕಾರಂಜಿ, ಸೆಲ್ಫಿಗೆ ಒಂದು ಕಟ್ಟೆ. ಚಿಮಣಿಗೆ ಗುಲಾಬಿ ಬಣ್ಣ. ಲೇತ್ ಮಷಿನ್ ಒಂದೂ ಉಳಿದಿಲ್ಲ. ಎಲ್ಲ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಯಿತಂತೆ.

ಅಪ್ಪನ ಲೇತ್ ಮುಂದೆ ಒಂದು ದಪ್ಪ ಮರದ ಹಲಗೆ ಇತ್ತು. ಅದರಲ್ಲಿ ಎರಡು ಪಾದದಷ್ಟು ಜಾಗ ಸವೆದು ತಗ್ಗಾಗಿತ್ತು. ಅಪ್ಪನಿಗಿಂತ ಮುಂಚೆ ನಿಂತವರು, ಬೇರೆ ಶಿಫ್ಟ್‌ನಲ್ಲಿ ನಿಂತವರು, ಎಲ್ಲರ ಕಾಲೂ ಸೇರಿ ಸವೆಸಿದ್ದು. ಚಿಕ್ಕವನಿದ್ದಾಗ ಒಮ್ಮೆ ಅದರೊಳಗೆ ಕಾಲಿಟ್ಟು ನೋಡಿದ್ದೆ. ಎಣ್ಣೆ ಕುಡಿದು ಕಪ್ಪಾಗಿದ್ದ ಹಲಗೆ, ನುಣ್ಣಗಿತ್ತು. ಈಗ ಅಲ್ಲಿ ಟೈಲ್ಸ್ ಇದೆ. ಹಲಗೆ ಒಲೆಗೆ ಹೋಯಿತೋ ಏನೋ.

ಪಾರ್ಕ್ ಮಾಡಬೇಕಾದರೆ ಹಳೆಯದನ್ನು ಕೀಳಲೇಬೇಕು ಅಂತ ಯಾರು ಹೇಳಿದ್ದು? ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನು ಪಾರ್ಕ್ ಮಾಡಿದರು. ಕುಲುಮೆ ಹಾಗೇ ನಿಂತಿದೆ, ಜನ ಅದರ ಮೇಲೆ ಹತ್ತಿ ನೋಡುತ್ತಾರೆ. ಗ್ಯಾಸ್ ತುಂಬಿಡುತ್ತಿದ್ದ ಟ್ಯಾಂಕಿಗೆ ನೀರು ತುಂಬಿಸಿ ಡೈವಿಂಗ್ ಕಲಿಸುತ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿ ಹಳೇ ಗ್ಯಾಸ್ ಕಾರ್ಖಾನೆ 1975ರಲ್ಲೇ ಪಾರ್ಕ್ ಆಯಿತು. ಅಲ್ಲೂ ತುಕ್ಕು ಹಿಡಿದ ಗೋಪುರಗಳನ್ನು ಉಳಿಸಿಕೊಂಡರು. ಒಂದು ಶೆಡ್‌ನಲ್ಲಿದ್ದ ಮಷಿನ್‌ಗಳನ್ನು ಮಕ್ಕಳು ಆಡುವುದಕ್ಕೆ ಬಿಟ್ಟರು. ಮಾಡುವ ಮನಸ್ಸಿದ್ದರೆ ಆಗುತ್ತದೆ, ಅಲ್ವಾ?

ಇನ್ನೊಂದು ವಿಷಯ, ಮಣ್ಣು. ಕಾರ್ಖಾನೆ ನೆಲದೊಳಗೆ ಎಣ್ಣೆ, ಸೀಸ ಇಳಿದಿರಬಹುದು. ಸಿಯಾಟಲ್‌ನಲ್ಲಿ ಮಣ್ಣು ಸರಿಪಡಿಸಲು ಎಷ್ಟೋ ವರ್ಷ ಹೆಣಗಿದರು. ಇಲ್ಲಿ ಪರೀಕ್ಷೆ ಮಾಡಿಸಿದಿರಾ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಅದೇ ಹುಲ್ಲಿನ ಮೇಲೆ ಮಕ್ಕಳು ಉರುಳಾಡುತ್ತಿವೆ!

ಅಪ್ಪನ ಗೇಟ್ ಪಾಸ್ ಇನ್ನೂ ಮನೆಯಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿಡಿ, ಸುಮ್ನೆ ಕೊಡುತ್ತೇನೆ ಅಂದೆ. ಅದಕ್ಕೆಲ್ಲ ಜಾಗ ಇಲ್ಲವಂತೆ. ಅಷ್ಟು ದೊಡ್ಡ ಪಾರ್ಕಿನಲ್ಲಿ ಅಂಗೈಯಷ್ಟು ಜಾಗ ಇಲ್ಲವಾ?

ಹಿಂದುಗಡೆ ಬಾಯ್ಲರ್ ಮನೆ ಒಂದು ಉಳಿದಿದೆ. ಅದನ್ನೂ ಒಡೆದು ಪಾರ್ಕಿಂಗ್ ಮಾಡುತ್ತಾರಂತೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಬಣ್ಣವೂ ಬಳಿಯಬೇಡಿ.