ನೂರಕ್ಕೆ 57 ಬಂದರೂ ಸೋತೆವು

2024ರ ನವೆಂಬರ್ 5. ಫ್ಲೋರಿಡಾದಲ್ಲಿ ನಾನು ಹಾಕಿದ ಮೊದಲ ಓಟು ಅದು. ವೀಸಾ, ಗ್ರೀನ್ ಕಾರ್ಡ್ ಅಂತ ಹದಿನೇಳು ವರ್ಷ ಕಾದ ಮೇಲೆ ಪೌರತ್ವ ಸಿಕ್ಕಿತ್ತು. ಇಲ್ಲಿನ ಮತಪತ್ರ ಒಂದು ಉದ್ದನೆಯ ಹಾಳೆ. ಅಧ್ಯಕ್ಷರ ಹೆಸರು ಮೇಲೆಯೇ ಮುಗಿದುಹೋಗುತ್ತದೆ. ನಾನು ಹುಡುಕುತ್ತಿದ್ದದ್ದು ಫ್ಲೋರಿಡಾ ಸಂವಿಧಾನಕ್ಕೆ ಸೂಚಿಸಿದ್ದ ನಾಲ್ಕನೇ ತಿದ್ದುಪಡಿಯನ್ನು. ಹೊಟ್ಟೆಯಲ್ಲಿರುವ ಭ್ರೂಣ ಹೊರಗೆ ಬದುಕಬಲ್ಲ ಹಂತಕ್ಕೆ ಬರುವ ತನಕ, ಅಥವಾ ಹೆಂಗಸಿನ ಆರೋಗ್ಯಕ್ಕೆ ಬೇಕಾದಾಗ, ಗರ್ಭಪಾತವನ್ನು ಯಾವ ಕಾನೂನೂ ತಡೆಯಬಾರದು. ಒಪ್ಪಿಗೆಯೋ ಇಲ್ಲವೋ? ‘ಹೌದು’ ಪಕ್ಕದ ಪುಟ್ಟ ಮೊಟ್ಟೆಯಾಕಾರವನ್ನು, ಗೆರೆ ದಾಟದ ಹಾಗೆ, ಪೆನ್ನಿನಿಂದ ಮೆಲ್ಲಗೆ ತುಂಬಿದೆ. ಪಿಯುಸಿ ಪರೀಕ್ಷೆಯಲ್ಲೂ ಕೈ ಅಷ್ಟು ನಡುಗಿರಲಿಲ್ಲ.

ಮಾರನೇ ದಿನ ಬೆಳಗಾವಿಯಿಂದ ಅವ್ವ ಫೋನ್ ಮಾಡಿದಳು.

"ಎಷ್ಟು ಮಂದಿ ಹೌದಂದ್ರು?"

"ನೂರಕ್ಕ ಐವತ್ತೇಳು."

"ಹಂಗಾದ್ರ ಗೆದ್ದಿರಲ್ಲ!"

"ಇಲ್ಲವ್ವ. ಅರವತ್ತು ಬೇಕಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇದ್ಯಾವ ಲೆಕ್ಕನ ನಿಮ್ಮದು?"

ನನಗೂ ಅದೇ ಪ್ರಶ್ನೆ. ಫ್ಲೋರಿಡಾದಲ್ಲಿ ಸಂವಿಧಾನ ತಿದ್ದಲು ಶೇ. 60 ಮತ ಬೇಕು. ಆ ನಿಯಮ ಬಂದದ್ದು 2006ರಲ್ಲಿ, ಜನಮತದಿಂದಲೇ. ಆಗ ಅದಕ್ಕೆ ಬಿದ್ದ ಮತ ಸುಮಾರು ಶೇ. 58! ಅಂದರೆ 60 ಬೇಕು ಅನ್ನುವ ನಿಯಮ 60 ತಲುಪದೆಯೇ ಪಾಸಾಯಿತು. ಇನ್ನು 2024ರ ಅದೇ ಚುನಾವಣೆಯಲ್ಲಿ ಟ್ರಂಪ್ ಅವರಿಗೆ ಇಲ್ಲಿ ಸಿಕ್ಕಿದ್ದು ಶೇ. 56. ನಮ್ಮ ತಿದ್ದುಪಡಿಗೆ ಅವರಿಗಿಂತ ಜಾಸ್ತಿ ಬಂತು. ಅವರು ಗೆದ್ದರು, ನಾವು ಸೋತೆವು. ಆವತ್ತೇ ಮಿಸೌರಿಯಲ್ಲಿ ಇಂಥದ್ದೇ ತಿದ್ದುಪಡಿ ಶೇ. 52ರಷ್ಟಕ್ಕೇ ಗೆದ್ದಿತು, ಯಾಕಂದರೆ ಅಲ್ಲಿ ಅರ್ಧಕ್ಕಿಂತ ಒಂದು ಓಟು ಹೆಚ್ಚಿದ್ದರೆ ಸಾಕು.

ಸೋತ ಮೇಲೆ ಏನು ಉಳಿಯಿತು? ಆರು ವಾರದ ಕಾನೂನು, ಅಂದರೆ ಆರು ವಾರ ದಾಟಿದ ಮೇಲೆ ಗರ್ಭಪಾತ ಮಾಡಿಸುವ ಹಾಗಿಲ್ಲ ಅನ್ನುವ ಕಾನೂನು. 2024ರ ಮೇ 1ರಿಂದ ಜಾರಿಯಲ್ಲಿದೆ. ಆರು ವಾರ ಅಂದರೆ ಬೇಕಾದಷ್ಟು ಸಮಯ ಅಂದುಕೊಳ್ಳುತ್ತಾರೆ ಗಂಡಸರು. ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ನಿಂತಿದೆ ಅಂತ ಗೊತ್ತಾಗುವಾಗಲೇ ನಾಲ್ಕು ವಾರ ಕಳೆದಿರುತ್ತದೆ. ಒಂದೆರಡು ವಾರ ಏರುಪೇರಾಗುವುದು ಎಷ್ಟು ಜನರಿಗಿಲ್ಲ? ಆಮೇಲೆ ಕ್ಲಿನಿಕ್ಕಿಗೆ ಖುದ್ದಾಗಿ ಹೋಗಿ, 24 ಗಂಟೆ ಕಾದು, ಮತ್ತೆ ಹೋಗಬೇಕು. ಕೆಲಸಕ್ಕೆ ರಜೆ ಸಿಗದವಳು ಏನು ಮಾಡಬೇಕು?

"ತಾಯಿ ಜೀವಕ್ಕೆ ಅಪಾಯ ಇದ್ದರೆ ಕಾನೂನಿನಲ್ಲಿ ಅವಕಾಶ ಇದೆಯಲ್ಲ, ಇನ್ನೇನು ಬೇಕು?" ಅಂತ ನಮ್ಮ ಕನ್ನಡದವರೇ ಕೇಳುತ್ತಾರೆ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಹೆಸರು. ಸವಿತಾ ಹಾಲಪ್ಪನವರ್.

ನಮ್ಮ ಬೆಳಗಾವಿಯ ಹುಡುಗಿ. ದಂತವೈದ್ಯೆ. 31 ವರ್ಷ. 2012ರ ಅಕ್ಟೋಬರ್‌ನಲ್ಲಿ, 17 ವಾರದ ಬಸುರಿ, ಬೆನ್ನುನೋವು ಅಂತ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಗೆ ಹೋದಳು. ಗರ್ಭ ಉಳಿಯುವುದಿಲ್ಲ ಅಂತ ವೈದ್ಯರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಅಂತ ಅವಳೂ ಗಂಡನೂ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಅಂದರು. ಒಳಗೆ ನಂಜು ಏರುತ್ತಾ ಹೋಯಿತು. ಅಕ್ಟೋಬರ್ 28ಕ್ಕೆ ಅವಳು ಹೋದಳು. ನೆನಪಿಡಿ, ಐರ್ಲೆಂಡಿನ ಕಾನೂನಿನಲ್ಲೂ ತಾಯಿಯ ಜೀವಕ್ಕೆ ಅಪಾಯ ಇದ್ದರೆ ಅವಕಾಶ ಇತ್ತು. ಆದರೆ ಎಷ್ಟು ಅಪಾಯ ಆದರೆ ಸಾಕು? ಜ್ವರ ಎಷ್ಟು ಏರಬೇಕು? ಅದು ಎಲ್ಲೂ ಬರೆದಿರಲಿಲ್ಲ. ಜೈಲಿನ ಭಯ ಇರುವ ವೈದ್ಯರು ಕಾಯುತ್ತಾರೆ. ಕಾಯುವಷ್ಟರಲ್ಲಿ ಜೀವ ಹೋಗಿರುತ್ತದೆ.

ಆಗ ಅವ್ವ ಪೇಪರ್ ಎದುರಿಗೆ ಇಟ್ಟುಕೊಂಡು ಫೋನಿನಲ್ಲಿ ಅತ್ತಿದ್ದಳು. ನಾನೂ ಆಗ ಬಸುರಿ, ಪರದೇಶದಲ್ಲಿ.

ಐರ್ಲೆಂಡಿನಲ್ಲಿ ಆ ನಿರ್ಬಂಧವನ್ನು ಸಂವಿಧಾನಕ್ಕೆ ಸೇರಿಸಿದ್ದೂ ಜನರ ಓಟೇ. 1983ರಲ್ಲಿ, ಶೇ. 67. ಅದನ್ನು ಕಿತ್ತುಹಾಕಿದ್ದೂ ಜನರ ಓಟೇ. 2018ರ ಮೇ 25ರಂದು, ಶೇ. 66. ಹೌದು ಅಂತ ಓಟು ಹಾಕಿ ಅಂತ ಸವಿತಾಳ ಅಪ್ಪ ಬೆಳಗಾವಿಯಿಂದಲೇ ಕೇಳಿಕೊಂಡಿದ್ದರು. ಡಬ್ಲಿನ್‌ನ ಗೋಡೆಯೊಂದರ ಮೇಲೆ ಬಿಡಿಸಿದ್ದ ಅವಳ ಚಿತ್ರದ ಸುತ್ತ ಜನ ಚೀಟಿ ಬರೆದು ಅಂಟಿಸಿದರು. ಕ್ಷಮಿಸು ಅಂತ.

ನನ್ನ ಪಕ್ಕದ ಮನೆಯಾಕೆ ಪ್ರತಿ ಭಾನುವಾರ ಚರ್ಚಿಗೆ ಹೋಗುವವರು. ‘ಇಲ್ಲ’ ಅಂತ ಓಟು ಹಾಕಿದೆ ಅಂತ ನನಗೇ ಹೇಳಿದರು. ನನ್ನ ಬಾಣಂತನದಲ್ಲಿ ಬಿಸಿ ಸೂಪು ತಂದುಕೊಟ್ಟವರೂ ಅವರೇ. ಅವರ ನಂಬಿಕೆ ಬಗ್ಗೆ ನನಗೆ ಗೌರವ ಇದೆ. ಆ ನಂಬಿಕೆ ಬೇರೆಯವಳ ಆಸ್ಪತ್ರೆ ಹಾಸಿಗೆ ತನಕ ಬರುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ.

ಇನ್ನೊಂದು ಸಂಗತಿ ನನ್ನನ್ನು ನಿದ್ದೆ ಮಾಡಲು ಬಿಡುವುದಿಲ್ಲ. ವೀಸಾದ ಮೇಲೆ ಇಲ್ಲಿರುವ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಓಟಿಲ್ಲ. ಕಾನೂನು ಮಾತ್ರ ಅವರಿಗೂ ಅಷ್ಟೇ ತಗಲುತ್ತದೆ. ಅವರ ಪರವಾಗಿಯೂ ಓಟು ಹಾಕಬೇಕಾದವರು ನಾವೇ ಅಲ್ವಾ?

ಮಿಸೌರಿಯಲ್ಲಿರುವ ಕನ್ನಡದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದು ನಿಮಗೆ. 2024ರಲ್ಲಿ ನೀವು ಗೆದ್ದದ್ದನ್ನು ರದ್ದು ಮಾಡುವ ಪ್ರಶ್ನೆಯನ್ನು ನಿಮ್ಮ ಶಾಸಕಾಂಗ 2026ರ ನವೆಂಬರ್ ಮತಪತ್ರಕ್ಕೆ ತಂದಿದೆ. ಆಗಲೂ ಅದು ಮೂರನೇ ತಿದ್ದುಪಡಿ, ಈಗಲೂ ಮೂರನೇ ತಿದ್ದುಪಡಿ. ಆಗ ಹಕ್ಕು ಬೇಕು ಅನ್ನುವವರು ‘ಹೌದು’ ತುಂಬಿದರು. ಈ ಸಲ ಅದೇ ಹಕ್ಕು ಉಳಿಯಬೇಕಾದರೆ ‘ಇಲ್ಲ’ ತುಂಬಬೇಕು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ.